ದೀಪಾವಳಿ ಹಬ್ಬದ ಪೇಟೆಯನ್ನು ನಾವು ಹಂಚಿಕೊಂಡಿದ್ದು ಹೀಗೆ

ನನಗೆ ಪೇಟೆ ಸುತ್ತುವುದು ಅಂದ್ರೆ ತಲೆನೋವು. ನನ್ನ ಗಂಡನಿಗೆ ಅದೇ ಹಬ್ಬ. ಹೆಂಗಸರಿಗೆ ಶಾಪಿಂಗ್ ಹುಚ್ಚು, ಗಂಡಸರು ಪಾಪ ಚೀಲ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ ಅಂತ ಜೋಕು ಮಾಡುವವರು ಒಮ್ಮೆ ನಮ್ಮ ಜೊತೆ ದಾವಣಗೆರೆಯ ಚೌಕಿಪೇಟೆಗೆ ಬರಬೇಕು. ಅಲ್ಲಿ ಚೀಲ ಹಿಡಿದು ನಿಂತವಳು ನಾನು. ಒಳಗೆ ಕೂತು ಅಂಗಿ ಮೇಲೆ ಅಂಗಿ ಬಿಚ್ಚಿಸಿ, "ಇದರಲ್ಲೇ ಸ್ವಲ್ಪ ಡಾರ್ಕ್ ಇದ್ರೆ ತೋರಿಸಿ" ಅನ್ನುವವರು ಅವರು.

ಅತ್ತೆಯ ಲೆಕ್ಕ ಇನ್ನೊಂದು. ಮಾವ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿದ್ದ ಕಾಲ ಅದು. ದೀಪಾವಳಿ ಹತ್ತಿರ ಬಂದಾಗ ಬೋನಸ್ ಬರುತ್ತಿತ್ತು. ಆಗಿನ ಬೋನಸ್ ಕಾಯ್ದೆಯ ಕನಿಷ್ಠ ಲೆಕ್ಕ ವರ್ಷದ ಸಂಬಳದ ಶೇ 8.33, ಅಂದ್ರೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಆ ದುಡ್ಡಲ್ಲೇ ಮನೆಮಂದಿಗೆಲ್ಲ ಬಟ್ಟೆ. ಹಾಗಾಗಿ ಅತ್ತೆಗೆ ಬಟ್ಟೆ ತಗೊಳ್ಳುವುದು ಅಂದ್ರೆ ವರ್ಷಕ್ಕೊಮ್ಮೆ ಬರುವ ದೊಡ್ಡ ಕೆಲಸ. ಖುಷಿಗೂ ಅಲ್ಲ, ಬೇಜಾರಿಗೂ ಅಲ್ಲ. ಸೆರಗು, ಅಂಚು, ನೇಯ್ಗೆ ಎಲ್ಲ ಮುಟ್ಟಿ ನೋಡಬೇಕು, ಬೆಳಕಿಗೆ ಹಿಡಿಯಬೇಕು, ಆಮೇಲೆ ರೇಟಿನ ಮಾತು.

ಇಂಥ ಮೂವರು ಒಟ್ಟಿಗೆ ಒಂದೇ ಅಂಗಡಿಗೆ ಹೋದರೆ ಏನಾಗುತ್ತದೆ ಹೇಳಿ. ನನಗೆ ಬೇಗ ಮುಗಿಯಬೇಕು, ಅವರಿಗೆ ಮುಗಿಯಲೇಬಾರದು, ಅತ್ತೆಗೆ ಸರಿಯಾಗಿ ಆಗಬೇಕು. ಮನೆಗೆ ಬರುವಾಗ ಆಟೋದಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಜನಜಂಗುಳಿ, ಟ್ರಾಫಿಕ್ಕು, ರೇಟು ಅಂತ ಎಲ್ಲದರ ಮೇಲೂ ಗೊಣಗಿದ್ದಾಯಿತು. ಆದರೆ ಜನ ಎಷ್ಟೇ ಇದ್ದರೂ ಗಂಡ, ಅತ್ತೆ ಇಬ್ಬರೇ ಹೋದ ದಿನ ನಗುತ್ತಾ ಬರುತ್ತಿದ್ದರು. ಅದನ್ನು ನೋಡಿದ ಮೇಲೆ ಕೆಲಸ ಹಂಚಿಬಿಟ್ಟೆ.

ಮೊದಲು ಹಿರೇರ ಬಟ್ಟೆ. ಪಾಡ್ಯದ ದಿನ ನಮ್ಮ ಮನೆಯಲ್ಲಿ ಹಿರೇರಿಗೆ ಎಡೆ ಇಡುತ್ತೇವೆ. ತೀರಿಕೊಂಡ ಅಜ್ಜ, ಅಜ್ಜಿ, ಮಾವ ಇವರ ಹೆಸರಲ್ಲಿ ಹೊಸ ಪಂಚೆ, ಹೊಸ ಸೀರೆ ಇಟ್ಟು ಪೂಜೆ. ಆ ಸೀರೆ ಆರಿಸುವುದು ಅತ್ತೆಯ ಹಕ್ಕು, ಅದರಲ್ಲಿ ನಾನು ತಲೆ ಹಾಕುವುದಿಲ್ಲ. ಒಮ್ಮೆ ಪಕ್ಕದಲ್ಲಿ ಕೂತು ನೋಡಿದ್ದೇನೆ. ಅಂಗಡಿ ಹುಡುಗ ಮಿಂಚುವ ಸಿಂಥೆಟಿಕ್ ಸೀರೆ ಹರಡಿದ. "ಹಬ್ಬಕ್ಕೆ ಇದೇ ಓಡ್ತಾ ಇದೆ ಅಮ್ಮ" ಅಂದ. ಅತ್ತೆ ಕೈಯಲ್ಲೂ ಮುಟ್ಟಲಿಲ್ಲ. "ನಮ್ಮತ್ತೆ ಇಳಕಲ್ ಬಿಟ್ಟು ಬೇರೆ ಉಟ್ಟೋರಲ್ಲ" ಅಂದರು, ಆ ಅತ್ತೆ ಹೊರಗೆ ಆಟೋದಲ್ಲಿ ಕಾಯುತ್ತಾ ಕೂತಿದ್ದಾರೆ ಅನ್ನೋ ಹಾಗೆ. ಹುಡುಗ ಎದ್ದು ಮೇಲಿನ ಅಟ್ಟದಿಂದ ಹತ್ತಿಯ ಇಳಕಲ್ ಗಂಟು ಇಳಿಸಿದ. ಅತ್ತೆ ಒಂದೊಂದರ ಸೆರಗನ್ನೂ ಹೊರಳಿಸಿ ಹಿಂಬದಿಯ ದಾರ ನೋಡಿದರು. ಪೂಜೆ ಆದ ಮೇಲೆ ಆ ಸೀರೆ ಉಡುವವರು ಅತ್ತೆಯೇ ಅನ್ನುವುದು ಬೇರೆ ಮಾತು.

ಈ ಕೆಲಸಕ್ಕೆ ತಾಯಿ, ಮಗ ಇಬ್ಬರೇ ಹೋಗುತ್ತಾರೆ. ಭಾನುವಾರ ಬಿಟ್ಟು ಬೇರೆ ದಿನ, ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ. ಬೋಣಿ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಯಾವ ಅಂಗಡಿಯವರಿಗೂ ಮನಸ್ಸು ಬರುವುದಿಲ್ಲ. ಅತ್ತೆಗೆ ಇದು ಚೆನ್ನಾಗಿ ಗೊತ್ತು. ಸಂಜೆ ಜಗ್ಗದ ರೇಟು ಬೆಳಿಗ್ಗೆ ಜಗ್ಗುತ್ತದೆ. ಸಂಜೆ ಅಂಗಡಿಯವರಿಗೂ ಮಾತಾಡಲು ಪುರುಸೊತ್ತಿರುವುದಿಲ್ಲ ಬಿಡಿ.

ಹೊಲಿಸುವುದೇನಿದ್ದರೂ ನನ್ನ ಪಾಲು. ವಿಜಯದಶಮಿಗೂ ದೀಪಾವಳಿ ಅಮಾವಾಸ್ಯೆಗೂ ನಡುವೆ ಇರುವುದು ಇಪ್ಪತ್ತು ದಿನ. ದಸರಾ ಮುಗಿದ ಮೇಲೆ ಬ್ಲೌಸ್ ಪೀಸ್ ಕೊಟ್ಟರೆ ಟೈಲರ್ "ಆಯ್ತು" ಅಂತಾರೆ, ಆದರೆ ಅದು ಆಗುವುದಿಲ್ಲ. ಅದಕ್ಕೆ ಗಣೇಶನ ಹಬ್ಬ ಮುಗಿದ ಕೂಡಲೇ ಕೊಟ್ಟುಬಿಡುತ್ತೇನೆ. ಅಷ್ಟು ಮುಂಚೆ ಹೋದರೆ ಅಳತೆ ತಗೊಳ್ಳುವವರಿಗೂ ಕಿವಿ ಕೇಳಿಸುತ್ತದೆ.

ಕಿರಾಣಿಯೂ ನನ್ನದೇ. ಕಡ್ಲೆಬೇಳೆ, ಬೆಲ್ಲ, ಎಣ್ಣೆ, ಏಲಕ್ಕಿ ಎಲ್ಲ ಚೀಟಿ ಬರೆದು ವಾಟ್ಸಾಪಿನಲ್ಲಿ ಕಳಿಸಿದರೆ ಮಂಡಿಪೇಟೆಯ ಅಂಗಡಿಯ ಹುಡುಗ ಮನೆಗೇ ತಂದು ಹಾಕುತ್ತಾನೆ. ಇದರಲ್ಲಿ ಆರಿಸುವಂಥದ್ದು ಏನೂ ಇಲ್ಲ, ಅಲ್ವಾ? ಹೇಳಲು ಕೂಡ ಜಾಸ್ತಿ ಏನಿಲ್ಲ.

ರೆಡಿಮೇಡ್ ಬಟ್ಟೆ ಆರಿಸುವುದು ಗಂಡನ ಕೆಲಸ, ಬಿಲ್ಲು ನೋಡುವುದು ನನ್ನ ಕೆಲಸ. ಹೊರಗೆ "50 ಪರ್ಸೆಂಟ್‌ವರೆಗೆ ರಿಯಾಯಿತಿ" ಅಂತ ದೊಡ್ಡ ಬೋರ್ಡು ಇರುತ್ತದೆ. ಆ "ವರೆಗೆ" ಅನ್ನುವುದು ಮಾತ್ರ ಇರುವೆ ಗಾತ್ರ. ಐವತ್ತು ಸಿಗುವುದು ಯಾರಿಗೂ ಬೇಡವಾದ ಸೈಜಿಗೆ. ಇನ್ನೊಂದು, ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಬಿಲ್ಲಿನ ಮೊತ್ತ ಎಂಆರ್‌ಪಿ ದಾಟಿತು ಅಂದ್ರೆ ಕೌಂಟರಿನಲ್ಲೇ ಕೇಳಬೇಕು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5, ಅದಕ್ಕಿಂತ ಮೇಲಿನದಕ್ಕೆ ಶೇ 18 ಆಗಿದೆ. ನಮ್ಮ ಮನೆಯಲ್ಲಿ ಒಂದು ಅಂಗಿಗೆ 2,500ರ ಗೆರೆ ದಾಟಬಾರದು ಅಂತ ಕಟ್ಟುಪಾಡು ಮಾಡಲು ಇದು ನನಗೆ ಒಳ್ಳೇ ನೆಪವಾಯಿತು.

ಬಿಲ್ಲಿನ ವಿಷಯದಲ್ಲಿ ನಾನು ಗಟ್ಟಿಯಾಗಲು ಒಂದು ಕಾರಣವಿದೆ. ಮಗಳಿಗೆ ತಂದ ಡ್ರೆಸ್ಸಿನಲ್ಲಿ, ತೋಳಿನ ಹೊಲಿಗೆ ಪಕ್ಕದಲ್ಲಿ ಬಟ್ಟೆಯೇ ಹರಿದಿತ್ತು. ವಾಪಸ್ ಒಯ್ದರೆ ಅಂಗಡಿಯವರು "ಹಬ್ಬ ಮುಗೀಲಿ, ಆಮೇಲೆ ಬನ್ನಿ" ಅಂದರು. ಹಬ್ಬ ಮುಗಿದ ಮೇಲೆ ಹೋದರೆ ಬಿಲ್ಲಿನ ಕೆಳಗೆ ಬೆರಳಿಟ್ಟರು: ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ. ಸಾಮಾನ್ಯವಾಗಿ ಜನ ಇಲ್ಲಿಗೇ ಸುಮ್ನಾಗುತ್ತಾರೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬೇರೆ ಮಾತು ಹೇಳುತ್ತದೆ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ. ಬಿಲ್ ಕೊಡದಿರುವುದೂ ಅಷ್ಟೇ. ನಾನು ಜಗಳ ಮಾಡಲಿಲ್ಲ. ಹರಿದ ಜಾಗದ ಫೋಟೋ, ಬಿಲ್ಲು ಎರಡನ್ನೂ ಮುಂದಿಟ್ಟು, ಗ್ರಾಹಕರ ಸಹಾಯವಾಣಿ 1915ಕ್ಕೆ ಇಲ್ಲಿಂದಲೇ ಫೋನ್ ಮಾಡುತ್ತೇನೆ ಅಂದೆ. ಮ್ಯಾನೇಜರ್ ಒಳಗಿನಿಂದ ಬಂದರು, ಹಣ ವಾಪಸ್ ಬಂತು. ಬಣ್ಣ ಇಷ್ಟವಾಗಲಿಲ್ಲ, ಸೈಜು ಬಿಗಿಯಾಯಿತು ಅಂತ ಈ ಕಾಯ್ದೆ ಹಿಡಿದು ಹೋಗಲು ಬರುವುದಿಲ್ಲ, ಅದು ಅಂಗಡಿಯವರ ಮರ್ಜಿ. ಅದಕ್ಕೆ ಈಗ ದುಡ್ಡು ಕೊಡುವ ಮುಂಚೆಯೇ, ಹಬ್ಬದ ಆಚೆ ಎಷ್ಟು ದಿನದವರೆಗೆ ಬದಲಿಸಿ ಕೊಡುತ್ತೀರಿ ಅಂತ ಕೇಳಿ ಬಿಲ್ಲಿನ ಮೇಲೆ ಬರೆಸಿಕೊಳ್ಳುತ್ತೇನೆ. ಗಂಡನಿಗೆ ಇದು ಮುಜುಗರ. "ಅಷ್ಟು ಚೆನ್ನಾಗಿ ಮಾತಾಡಿಸಿದ್ರು, ಬರೆಸಿಕೊಳ್ಳೋದು ಯಾಕೆ" ಅಂತಾರೆ. ಚೆನ್ನಾಗಿ ಮಾತಾಡಿಸುವುದು ಮಾರುವವರೆಗೆ ಅಂತ ನಾನು.

ಹೂವಿನ ಕೆಲಸ ಪೂರ್ತಿ ಗಂಡನದು. ಗಡಿಯಾರ ಕಂಬ, ಕೆ.ಆರ್. ಮಾರ್ಕೆಟ್, ಪ್ರವಾಸಿ ಮಂದಿರ ರಸ್ತೆ ಎಲ್ಲ ಕಡೆ ಬಾಳೆಕಂದು, ಮಾವಿನ ಸೊಪ್ಪು, ಚೆಂಡುಹೂವು ರಾಶಿ ಬಿದ್ದಿರುತ್ತದೆ. ಹಳ್ಳಿಯಿಂದ ಬಂದವರು ಪೂಜೆಗೆ ಬೇಕಾಗುವ ಬ್ರಹ್ಮದಂಡೆ, ಉತ್ತರಾಣಿ, ಕಾಚಿಕಡ್ಡಿ ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಇವನ್ನು ಮುಂಚೆಯೇ ತಂದಿಡಲು ಆಗುವುದಿಲ್ಲ, ಬಾಡುತ್ತವೆ. ನನ್ನಂಥವಳು ಹೋದರೆ ಮೊದಲು ಹೇಳಿದ ರೇಟಿಗೇ ತಗೊಂಡು ಓಡಿ ಬರುತ್ತೇನೆ. ಅವರು ಹಾಗಲ್ಲ. ಚೆಂಡುಹೂವು ಮಾರಿನ ಲೆಕ್ಕ. ಮಾರು ಅಂದ್ರೆ ಎರಡೂ ಕೈ ಚಾಚಿದ ಉದ್ದ. ಭರಾಟೆ ಜಾಸ್ತಿ ಆದ ಹಾಗೆ ಮಾರುವವರ ಮೊಣಕೈ ಮಡಚುತ್ತಾ ಬರುತ್ತದೆ, ಮಾರು ಮುಕ್ಕಾಲು ಮಾರಾಗುತ್ತದೆ. ಗಂಡ ಇದಕ್ಕೆ ಸಿಟ್ಟಾಗುವುದಿಲ್ಲ. "ತಮ್ಮಾ, ನಾನೇ ಅಳೀತೀನಿ ತಾ" ಅಂತ ತಮ್ಮ ಉದ್ದ ಕೈ ಚಾಚುತ್ತಾರೆ. ಅವನೂ ನಗುತ್ತಾನೆ, ಕೊನೆಗೆ ಅರ್ಧ ಮಾರು ಸೇರಿಸಿ ಕೊಡುತ್ತಾನೆ. ನಾನು ಆ ಜಾಗದಲ್ಲಿದ್ದಿದ್ದರೆ ಜಗಳವೇ. ರೇಟಿನ ಬಗ್ಗೆಯೂ ಅವರಿಗೆ ಬೇಜಾರಿಲ್ಲ. ಹಬ್ಬ ಮುಗಿದ ಸಂಜೆ ಮಾರದೆ ಉಳಿದ ಹೂವು ರಸ್ತೆ ಬದಿಯಲ್ಲೇ ಸುರಿದು ಹೋಗಿರುವುದನ್ನು ನೋಡಿದ್ದಾರಲ್ಲ. "ಅವರು ಎರಡು ದಿನದಲ್ಲಿ ದುಡೀಬೇಕು" ಅಂತಾರೆ. ಸರಿಯೇ.

ಈ ಹಂಚಿಕೆಗೆ ಈಗ ಹೊಸ ತಕರಾರು ತಂದಿರುವವಳು ಮಗಳು. ಅವಳಿಗೆ ಪೇಟೆಯೂ ಬೇಡ, ಟೈಲರ್ರೂ ಬೇಡ. ಒಂದೇ ಡ್ರೆಸ್ಸನ್ನು ಎರಡು ಸೈಜಿನಲ್ಲಿ ಆನ್‌ಲೈನ್ ತರಿಸಿ, ಒಂದು ಇಟ್ಟುಕೊಂಡು ಇನ್ನೊಂದು ವಾಪಸ್ ಕಳಿಸುತ್ತಾಳೆ. ನನಗೆ ಇದು ಪರವಾಗಿಲ್ಲ ಅನಿಸಿದೆ. ಗಂಡನಿಗೆ ಸಪ್ಪೆ. ಈ ಸಲ ಹಿರೇರ ಪಂಚೆಯನ್ನೂ ತಾನೇ ತರಿಸುತ್ತೇನೆ ಅಂತ ಅವಳು ಅಜ್ಜಿಗೆ ಮೊಬೈಲ್ ತೋರಿಸಿದಳು. ಅತ್ತೆ ಕನ್ನಡಕ ಹಾಕಿಕೊಂಡು ಫೋಟೋ ದೊಡ್ಡದು ಮಾಡಿಸಿ ಅಂಚು ನೋಡಿದರು. "ಬರಲಿ, ಮುಟ್ಟಿ ನೋಡ್ತೀನಿ. ಸರಿ ಇಲ್ಲ ಅಂದ್ರೆ ಚೌಕಿಪೇಟೆಗೆ ಹೋಗೋಕೆ ದಿನ ಉಳಿಯೋ ಹಾಗೆ ತರಿಸು" ಅಂದಿದ್ದಾರೆ.