ಚಾಕುವಿಗೆ ಉಕ್ಕು ಆರಿಸುವಾಗ ನಾನು ನೋಡುವುದು

ಚಾಕುವಿಗೆ ಯಾವ ಉಕ್ಕು ಒಳ್ಳೆಯದು ಅಂತ ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ: ನಿಮ್ಮ ಕುಲುಮೆ ಎಷ್ಟು ಕಾಯುತ್ತದೆ? ಪುಣೆಯಲ್ಲಿ ಉಕ್ಕಿಗೇನೂ ಬರ ಇಲ್ಲ. ಭೋಸರಿ, ಚಿಂಚವಾಡದ ಕಡೆ ಇಎನ್ 31, ಓಎಚ್‌ಎನ್‌ಎಸ್, ಎಚ್‌ಸಿಎಚ್‌ಸಿಆರ್ ಅಂತ ಎಲ್ಲ ಜಾತಿಯ ಉಕ್ಕೂ ಸಿಗುತ್ತದೆ. ತಂದ ಮೇಲೆ ಅದಕ್ಕೆ ಹದ ಕೊಡೋಕೆ, ಅಂದರೆ ಕಾಯಿಸಿ ಅದ್ದಿ ಗಟ್ಟಿ ಮಾಡೋಕೆ, ನಮ್ಮ ಕೈಲಿ ಆಗಬೇಕಲ್ವಾ?

ನಾನು ಜಾಸ್ತಿ ಬಳಸುವುದು ಓಎಚ್‌ಎನ್‌ಎಸ್. ಹೊರದೇಶದವರು ಓ1 ಅನ್ನುವುದು ಇದನ್ನೇ. ಇಂಗಾಲ ಶೇಕಡಾ 0.95ರ ಆಸುಪಾಸು. 800 ಡಿಗ್ರಿಯಷ್ಟು ಕಾಯಿಸಿ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿದರೆ ಗಟ್ಟಿಯಾಗುತ್ತದೆ. ಶಾಖ ಅಳೆಯುವ ಮೀಟರ್ ಇಲ್ಲದಿದ್ದರೆ ಅಯಸ್ಕಾಂತ ಇಟ್ಟುಕೊಳ್ಳಿ. 770 ಡಿಗ್ರಿ ದಾಟಿದರೆ ಉಕ್ಕು ಅದಕ್ಕೆ ಅಂಟುವುದಿಲ್ಲ. ಅಲ್ಲಿಂದ ಕೆಂಪು ಇನ್ನೊಂಚೂರು ಏರಿದರೆ ಸಾಕು. ಎಣ್ಣೆಯಿಂದ ತೆಗೆದು ಅರ ಉಜ್ಜಿ ನೋಡುತ್ತೇನೆ. ಮೇಲಿನ ಕರಿ ಹೋದಮೇಲೂ ಅರ ಕಚ್ಚದೆ ಜಾರಿದರೆ ಕೆಲಸ ಆಯಿತು. ತಡ ಮಾಡದೆ ಓವನ್‌ಗೆ, 200 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ. ಇಲ್ಲದಿದ್ದರೆ ಕೈ ತಪ್ಪಿ ಬಿದ್ದರೂ ಮುರಿಯುತ್ತದೆ.

ಇಎನ್ 31 ಅಂದರೆ ಬೇರಿಂಗಿನ ಉಕ್ಕು. ಬಾಯಿಯ ಹರಿತ ಚೆನ್ನಾಗಿ ನಿಲ್ಲುತ್ತದೆ, ಆದರೆ ಕಾಯಿಸಿದ ಮೇಲೆ ಶಾಖ ಏರುಪೇರಾಗದಂತೆ ಸ್ವಲ್ಪ ಹೊತ್ತು ಹಿಡಿದಿಡಬೇಕು. ಇದ್ದಿಲ ಕುಲುಮೆಯಲ್ಲಿ ಅದು ಕಷ್ಟ. ಎಚ್‌ಸಿಎಚ್‌ಸಿಆರ್, ಅಂದರೆ ಇಂಗಾಲ, ಕ್ರೋಮಿಯಂ ಎರಡೂ ಜಾಸ್ತಿ ಇರುವ ಉಕ್ಕು, ಅಂತೂ 1000 ಡಿಗ್ರಿಯ ಆಸುಪಾಸು ಕಾಯಬೇಕು. ಅದನ್ನು ಸುಮ್ನೆ ಹೀಟ್ ಟ್ರೀಟ್‌ಮೆಂಟ್‌ನವರಿಗೆ ಕೊಟ್ಟುಬಿಡಿ.

ಲಾರಿಯ ಪಾಟಾ (ಲೀಫ್ ಸ್ಪ್ರಿಂಗ್ ಪಟ್ಟಿ) ಬಿಡಿಗಾಸಿಗೆ ಸಿಗುತ್ತದೆ ಅಂತ ಹೊಸಬರಿಗೆ ಅದರ ಮೇಲೇ ಕಣ್ಣು. ಭೋಸರಿಯಲ್ಲಿ ಪಾಟಾ ರಿಪೇರಿ ಮಾಡುವ ಇಂಡಿ ಕಡೆಯ ಹುಡುಗನೊಬ್ಬ ನನಗೆ ಹೇಳಿದ್ದು ಇದು: "ಅಣ್ಣಾರ, ಓಡಿದ್ದು ಬ್ಯಾಡ್ರಿ. ಹೊಸಾದು ಕಡಿದಾಗ ಉಳದ ತುಂಡ ಒಯ್ರಿ." ಅವನ ಮಾತು ಸರಿ. ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ. ಎಣ್ಣೆಗೆ ಅದ್ದಿದಾಗ ಅದು ಬಾಯಿ ಬಿಡುತ್ತದೆ. ಮಚ್ಚು, ಕಬ್ಬು ಕಡಿಯುವ ಕೊಯ್ತಾಕ್ಕೆ ಪಾಟಾ ಒಳ್ಳೆಯದು. ತೆಳ್ಳನೆಯ ಅಡುಗೆ ಚಾಕುವಿಗೆ ನನಗೆ ಬೇಡ.

ಇನ್ನು ಕತ್ತರಿಸುವ ವಿಷಯ. ಅಂಗಡಿಯಿಂದ ಬರುವ ಪಟ್ಟಿ ಮೆತ್ತಗೇ ಇರುತ್ತದೆ. ಕೊಯ್ಯುವುದು, ತೂತು ಕೊರೆಯುವುದು ಎಲ್ಲ ಆಗಲೇ ಮುಗಿಯಬೇಕು. 3 ಮಿಲಿಮೀಟರ್ ಪಟ್ಟಿಗೆ ಇಂಚಿಗೆ 24 ಹಲ್ಲಿನ ಬೈಮೆಟಲ್ ಹ್ಯಾಕ್ಸಾ ಬ್ಲೇಡ್ ಹಾಕುತ್ತೇನೆ. ಎರಡು ಮೂರು ಹಲ್ಲಾದರೂ ಉಕ್ಕಿನ ಮೇಲೆ ಕೂತಿರಬೇಕು, ಇಲ್ಲಾಂದ್ರೆ ಹಲ್ಲು ಉದುರುತ್ತದೆ. ಅವಸರ ಇದ್ದರೆ ಗ್ರೈಂಡರಿಗೆ 1 ಮಿಲಿಮೀಟರ್ ಕಟಿಂಗ್ ಚಕ್ರ. ಆದರೆ ಚಾಕುವಿನ ಆಕಾರಕ್ಕೆ ಬರೆದ ಗೆರೆಯ ಮೇಲೇ ಓಡಿಸಬಾರದು. ಚಕ್ರದ ಶಾಖಕ್ಕೆ ಅಂಚು ನೀಲಿಯಾಗಿ ಅಲ್ಲಲ್ಲಿ ಗಟ್ಟಿಯಾಗುತ್ತದೆ. ಆ ಜಾಗಕ್ಕೆ ಅರ ಹಾಕಿದರೆ ಕಿರ್ ಅನ್ನುತ್ತದೆ, ಕಚ್ಚುವುದಿಲ್ಲ. ಅದಕ್ಕೇ ಎರಡು ಮಿಲಿಮೀಟರ್ ಆಚೆಗೆ ಕೊಯ್ದು, ಉಳಿದದ್ದನ್ನು ಗ್ರೈಂಡಿಂಗ್ ಬೆಲ್ಟಿನಲ್ಲಿ ತೆಗೆಯುತ್ತೇನೆ.

ಹಿಡಿಯ ತೂತಿಗೆ ಕೋಬಾಲ್ಟ್ ಇರುವ ಡ್ರಿಲ್ ತಗೊಳ್ಳಿ. ಅಗ್ಗದ ಡ್ರಿಲ್ಲಿನ ತುದಿ ಸವೆದು, ಕೊರೆಯುವ ಬದಲು ಉಜ್ಜತೊಡಗಿದರೆ ಅಡಿಯ ಉಕ್ಕೂ ಗಟ್ಟಿಯಾಗುತ್ತದೆ. ವೇಗ ಕಡಿಮೆ, ಒತ್ತಡ ಜಾಸ್ತಿ, ಎಣ್ಣೆ ಧಾರಾಳ. ಪುಡಿ ಬೀಳದೆ ಸುರುಳಿ ಬರುತ್ತಿದ್ದರೆ ಸರಿ.

ಹದಕ್ಕೆ ಮೊದಲು ಬಾಯಿಯನ್ನು ಪೂರ್ತಿ ತೆಳ್ಳಗೆ ಮಾಡುವುದಿಲ್ಲ, ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಬಿಡುತ್ತೇನೆ. ತೀರಾ ತೆಳುವಾದರೆ ಎಣ್ಣೆಯಲ್ಲಿ ಡೊಂಕಾಗುತ್ತದೆ. ಹದ ಆದಮೇಲೆ ಹೊಸ ಸೆರಾಮಿಕ್ ಬೆಲ್ಟೇ ಬೇಕು. ದುಡ್ಡು ಉಳಿಸಲು ಸವೆದದ್ದನ್ನು ಹಾಕಿದರೆ ಬಾಯಿ ಸುಟ್ಟು ಹದ ಇಳಿಯುತ್ತದೆ. ಬರಿಗೈಯಲ್ಲಿ ಹಿಡಿದು, ಬಿಸಿ ಅನ್ನಿಸಿದ ಕೂಡಲೇ ನೀರಿಗೆ ಅದ್ದುತ್ತೇನೆ.

ಓಎಚ್‌ಎನ್‌ಎಸ್ ಚಾಕು ತುಕ್ಕು ಹಿಡಿಯುತ್ತದೆ, ಪುಣೆಯ ಮಳೆಗಾಲದಲ್ಲಂತೂ ಕೇಳಲೇಬೇಡಿ. ಒರೆಸಿ ಎಣ್ಣೆ ಸವರಿ ಇಡುವವರಿಗೆ ಮಾತ್ರ ಅದನ್ನು ಕೊಡುತ್ತೇನೆ. ಗೋವಾದ ವಾಸ್ಕೋದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ದಿನಾ ಮೀನು, ಮೇಲೆ ಸಮುದ್ರದ ಗಾಳಿ. ಅವಳಿಗೆ 440ಸಿ ಸ್ಟೇನ್‌ಲೆಸ್‌ನಲ್ಲಿ ಮಾಡಿ, ಹದಕ್ಕೆ ವ್ಯಾಕ್ಯೂಮ್ ಫರ್ನೇಸ್ (ಒಳಗಿನ ಗಾಳಿ ತೆಗೆದು ಕಾಯಿಸುವ ಕುಲುಮೆ) ಇರುವವರಿಗೆ ಕಳಿಸಿದೆ.