ಒಂದೇ ಊಟದ ಕಾದಂಬರಿ: ನಾಲ್ಕನೆಯ ಕರಡು ನಿಂತ ಬಗೆ

ಆರು ಜನ, ಒಂದು ಮೇಜು, ಮೂರು ಗಂಟೆ ಚಿಲ್ಲರೆಯ ಒಂದು ರಾತ್ರಿಯೂಟ. ಇಷ್ಟರೊಳಗೇ ಇಡೀ ಕಾದಂಬರಿಯನ್ನು ನಡೆಸುತ್ತೇನೆಂದು ನಾನು ಹೇಳಿದಾಗ ಬರೆಯುವ ಗೆಳೆಯರಲ್ಲಿ ಯಾರೂ ಹೌದೆನ್ನಲಿಲ್ಲ. ನಾಟಕಕ್ಕಾದರೆ ಸರಿ ಎಂದರು ಒಬ್ಬರು. ಸಣ್ಣ ಕತೆಯ ಅಳತೆಯ ಬಟ್ಟೆಯನ್ನು ಕಾದಂಬರಿಗೆ ಎಳೆದರೆ ಹೊಲಿಗೆ ಬಿಡುತ್ತದೆ ಎಂದರು ಇನ್ನೊಬ್ಬರು. ಮೂರು ಕರಡುಗಳ ಮಟ್ಟಿಗೆ ಅವರು ಹೇಳಿದ್ದೇ ನಿಜವಾಯಿತು. ನಾಲ್ಕನೆಯದು ನಿಂತಿತು, ಅಚ್ಚಾಯಿತು, ಹದಿನಾಲ್ಕು ತಿಂಗಳಲ್ಲಿ ಮರುಮುದ್ರಣವನ್ನೂ ಕಂಡಿತು. ಹಾಗಾಗಿ ಈಗ ಸ್ವಲ್ಪ ಧೈರ್ಯದಿಂದ ಬರೆಯಬಹುದು. ಪಾತ್ರ ಕಟ್ಟುವುದು, ಸಂಭಾಷಣೆ ಹೆಣೆಯುವುದು ಓದುವವರಿಗೆ ಗೊತ್ತಿರುವ ಕೆಲಸವೆಂದು ಭಾವಿಸಿ, ನಾನು ಎಡವಿದ ಜಾಗಗಳನ್ನೂ ಕೊನೆಗೆ ಕೈಹಿಡಿದ ಕ್ರಮವನ್ನೂ ಮಾತ್ರ ಹೇಳುತ್ತೇನೆ.

ಮೇಜಿನ ಸುತ್ತ ಇದ್ದವರು ಊಟಕ್ಕೆ ಕರೆದ ಅಕ್ಕ, ಭಾವ, ತಮ್ಮ, ತಮ್ಮನ ಹೆಂಡತಿ, ಮತ್ತು ಈ ಮನೆಯೊಡನೆ ಇಪ್ಪತ್ತು ವರ್ಷದ ಒಡನಾಟವಿರುವ ಒಬ್ಬ ಸ್ನೇಹಿತ, ಅವನ ಹೆಂಡತಿ. ತಮ್ಮ ಆ ಸ್ನೇಹಿತನಿಂದ ದೊಡ್ಡ ಸಾಲ ಪಡೆದಿದ್ದಾನೆ. ಅಕ್ಕನಿಗೆ ಅದು ಗೊತ್ತಿಲ್ಲವೆಂದು ಉಳಿದವರು ನಂಬಿದ್ದಾರೆ. ಅಕ್ಕನಿಗೆ ಗೊತ್ತಿದೆ. ಕತೆ ಇಷ್ಟೇ.

ಮೊದಲ ಕರಡಿನಲ್ಲಿ ಜಗಳ ನಾಲ್ಕನೆಯ ಪುಟದಲ್ಲೇ ಶುರುವಾಗಿತ್ತು. ನಲವತ್ತನೆಯ ಪುಟ ಮುಟ್ಟುವ ಹೊತ್ತಿಗೆ ಆರೂ ಜನ ತಮ್ಮ ತಮ್ಮ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿ ಮುಗಿಸಿದ್ದರು, ಇನ್ನೂ ನೂರೈವತ್ತು ಪುಟ ಬಾಕಿ ಇತ್ತು. ಅಷ್ಟು ಕೂಗಾಡಿದ ಮೇಲೆ ಮಾನವಿದ್ದವರು ಎದ್ದು ಹೋಗಬೇಕಲ್ಲವೇ? ಅವರನ್ನು ಕುರ್ಚಿಯಲ್ಲೇ ಕೂರಿಸಿಡಲು ನಾನು ಹೊರಗೆ ಬಿರುಮಳೆ ತರಿಸಿದೆ, ಕಾರಿನ ಕೀಲಿ ಕಳೆದೆ, ಕೊನೆಗೆ ಭಾವನಿಗೆ ಎದೆನೋವನ್ನೂ ಬರಿಸಿದೆ. ಆ ಎದೆನೋವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಜೇಮ್ಸ್ ಜಾಯ್ಸ್ 1916ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಮೊದಲ ಕಾದಂಬರಿಯ ಕ್ರಿಸ್‌ಮಸ್ ಊಟವನ್ನು ಮತ್ತೆ ತೆಗೆದು ಓದಿದಾಗ ತಪ್ಪು ಎಲ್ಲಿದೆಯೆಂದು ತಿಳಿಯಿತು. ಪಾರ್ನೆಲ್ ಎಂಬ ರಾಜಕೀಯ ನಾಯಕನ ಹೆಸರಿನಲ್ಲಿ ಅಲ್ಲಿ ಮನೆ ಎರಡಾಗುತ್ತದೆ. ದೊಡ್ಡವರ ಮೇಜಿನಲ್ಲಿ ಮೊದಲ ಸಲ ಕುಳಿತ ಹುಡುಗ ಅದನ್ನು ನೋಡುತ್ತಾನೆ. ಆದರೆ ಕೂಗು ತಾರಕಕ್ಕೇರಿದ ಕೂಡಲೇ ಡ್ಯಾಂಟಿ ಎಂಬ ಹೆಂಗಸು ಕುರ್ಚಿಯನ್ನು ನೂಕಿ ಏಳುತ್ತಾಳೆ, ಊಟದ ಕೈವಸ್ತ್ರವನ್ನು ಸುತ್ತಿಡುವ ಅವಳ ಬಳೆ ಜಮಖಾನೆಯ ಮೇಲೆ ನಿಧಾನವಾಗಿ ಉರುಳಿ ಒಂದು ಆರಾಮಕುರ್ಚಿಯ ಕಾಲಿಗೆ ತಾಗಿ ನಿಲ್ಲುತ್ತದೆ, ಊಟ ಅಲ್ಲಿಗೆ ಮುಗಿಯುತ್ತದೆ. ಕೂಗು ಊಟದ ಕೊನೆ. ನಾನು ಅದನ್ನು ಆರಂಭಕ್ಕೆ ತಂದಿಟ್ಟಿದ್ದೆ.

ಎರಡನೆಯ ಕರಡಿನಲ್ಲಿ ಜಗಳವನ್ನು ಹಿಂದಕ್ಕೆ ತಳ್ಳಿ, ತೆರವಾದ ಜಾಗವನ್ನು ಹಳೆಯ ನೆನಪುಗಳಿಂದ ತುಂಬಿದೆ. ಅದನ್ನು ಓದಿದ ಗೆಳತಿಯೊಬ್ಬರು ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಒಂದು ಸಾಲು ನನಗೆ ಬಾಯಿಪಾಠವಾಗಿದೆ: ‘ಅಕ್ಕ ಸೌಟು ಹಿಡಿದು ನಿಂತು ಇಪ್ಪತ್ತೆರಡು ಪುಟವಾಯಿತು, ಕೈ ನೋಯುವುದಿಲ್ಲವೇ?’ ಹಿಂದಕ್ಕೆ ಹೋಗುವುದೇ ತಪ್ಪೆಂದಲ್ಲ. ಡಚ್ ಲೇಖಕ ಹೆರ್ಮನ್ ಕಾಖ್ 2009ರ ತನ್ನ ಕಾದಂಬರಿಯನ್ನು ಊಟದ ಹಂತಗಳಾಗಿಯೇ ಭಾಗಮಾಡಿ, ಹೋಟೆಲಿನಲ್ಲಿ ಕುಳಿತ ಇಬ್ಬರು ಅಣ್ಣತಮ್ಮಂದಿರು ತಮ್ಮ ಮಕ್ಕಳು ಎಸಗಿದ ಅಪರಾಧದ ಮಾತನ್ನು ಮುಂದೂಡುತ್ತಲೇ ಹೋಗುವುದನ್ನು ತೋರಿಸುತ್ತಾನೆ, ನಡುನಡುವೆ ಧಾರಾಳವಾಗಿ ಹಿಂದಕ್ಕೂ ಹೋಗುತ್ತಾನೆ. ಆದರೆ ಆ ಹೋಟೆಲಿನ ಮೇಲ್ವಿಚಾರಕ ಪ್ರತಿ ತಟ್ಟೆಯ ಮೇಲೂ ಕಿರುಬೆರಳು ಚಾಚಿ ಯಾವ ಪದಾರ್ಥ ಎಲ್ಲಿಯದೆಂದು ವಿವರಿಸಲು ಬರುತ್ತಲೇ ಇರುತ್ತಾನೆ. ಆ ಕಿರುಬೆರಳು ನಮ್ಮನ್ನು ಮೇಜಿಗೆ ಎಳೆದು ತರುತ್ತದೆ. ನನ್ನ ಮೇಜಿನಲ್ಲಿ ಹಾಗೆ ಎಳೆದು ತರುವ ವಸ್ತುವೇ ಇರಲಿಲ್ಲ.

ಹಣದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಈ ಕರಡಿಗಾಗಿ ನಾನು ಸಂಬಳವಿಲ್ಲದೆ ಎಂಟು ತಿಂಗಳು ರಜೆ ಹಾಕಿದ್ದೆ. ಮೊದಲ ಮೂರು ಅಧ್ಯಾಯಗಳನ್ನು ನೋಡಿ ಪ್ರಕಾಶಕರೊಬ್ಬರು ಕೊಟ್ಟಿದ್ದ ಮುಂಗಡ ಹೆಚ್ಚೆಂದರೆ ಎರಡು ತಿಂಗಳ ಸಂಬಳದಷ್ಟಿತ್ತು. ಪೂರ್ತಿ ಹಸ್ತಪ್ರತಿಯನ್ನು ನೋಡಿದ ಮೇಲೆ ಅವರು ಅದನ್ನು ವಾಪಸು ಕೇಳಿದರು. ಖರ್ಚಾಗಿ ಹೋಗಿದ್ದ ಹಣವನ್ನು ಮೂರು ಕಂತುಗಳಲ್ಲಿ ತೀರಿಸಿದೆ. ಸಾಲದೆಂಬಂತೆ, ಹಸ್ತಪ್ರತಿ ತಿದ್ದಿಕೊಡುವ ವೃತ್ತಿಯವರೊಬ್ಬರಿಗೆ ಇನ್ನೊಂದು ತಿಂಗಳ ಸಂಬಳ ಸುರಿದೆ. ಅವರು ಎರಡು ಪುಟದ ಸಲಹೆ ಕಳುಹಿಸಿದರು; ಅದರ ಸಾರ, ಮೂರನೆಯ ಅಧ್ಯಾಯದಲ್ಲಿ ಯಾರಾದರೂ ಸಾಯಲಿ ಎಂಬುದು. ಸಾಲ ಪಡೆದವನೊಬ್ಬನ ಮುಖವನ್ನು ಹತ್ತಿರದಿಂದ ಬರೆಯಲು ಆ ಮೂರು ಕಂತುಗಳು ಮಾತ್ರ ಚೆನ್ನಾಗಿ ಉಪಯೋಗಕ್ಕೆ ಬಂದವು.

ಮೂರನೆಯ ಕರಡಿನಲ್ಲಿ ಅಧ್ಯಾಯಕ್ಕೊಬ್ಬರಂತೆ ಆರೂ ಜನರ ಮನಸ್ಸನ್ನು ತೆರೆದೆ. ಎಲ್ಲರ ಒಳಗನ್ನೂ ಕಂಡ ಓದುಗನಿಗೆ ಕಾಯಲು ಏನೂ ಉಳಿಯಲಿಲ್ಲ. ವರ್ಜೀನಿಯಾ ವುಲ್ಫ್ ಇದನ್ನೇ ಮಾಡಿ ಗೆದ್ದಿದ್ದಾರಲ್ಲ ಎಂದು ಬಹಳ ದಿನ ವಾದಿಸುತ್ತಿದ್ದೆ. 1927ರ ‘ಟು ದ ಲೈಟ್‌ಹೌಸ್’ನ ಊಟವನ್ನು ಕೊನೆಗೆ ಸಾಲುಸಾಲಾಗಿ ಬಿಡಿಸಿ ನೋಡಿದೆ. ಅಲ್ಲಿ ನಿರೂಪಣೆ ಒಂದು ತಲೆಯಿಂದ ಇನ್ನೊಂದಕ್ಕೆ ಹಾರುತ್ತದೆ, ನಿಜ. ಆದರೆ ಪ್ರತಿ ಹಾರುವಿಕೆಗೂ ಮೇಜಿನ ಮೇಲಿನ ಒಂದು ವಸ್ತುವಿನ ಆಸರೆಯಿದೆ. ಅತಿಥಿ ಕಾರ್ಮೈಕೇಲ್ ಇನ್ನೊಂದು ತಟ್ಟೆ ಸೂಪು ಕೇಳುತ್ತಾರೆ, ಅಷ್ಟಕ್ಕೇ ಮನೆಯೊಡೆಯ ರಾಮ್ಸೆಯವರ ಮುಖ ಕೆಡುತ್ತದೆ, ಮೇಜಿನ ಆ ತುದಿಯ ಸಿಟ್ಟನ್ನು ಈ ತುದಿಯಿಂದ ಹೆಂಡತಿ ಓದಿಕೊಳ್ಳುತ್ತಾರೆ. ಲಿಲಿ ತನ್ನ ಚಿತ್ರದ ಮರವನ್ನು ಸರಿಸಬೇಕೆಂಬ ನೆನಪಿಗೆ ಉಪ್ಪಿನ ಬಟ್ಟಲನ್ನು ಸರಿಸಿಡುತ್ತಾಳೆ. ಹಣ್ಣಿನ ಜೋಡಣೆಯನ್ನು ಯಾರೂ ಮುಟ್ಟದಿರಲೆಂದು ಶ್ರೀಮತಿ ರಾಮ್ಸೆ ಮನಸ್ಸಿನಲ್ಲೇ ಕಾಯುತ್ತಿರುವಾಗ ಒಂದು ಕೈ ಬಂದು ಪೇರ್ ಹಣ್ಣೊಂದನ್ನು ಎತ್ತಿಕೊಳ್ಳುತ್ತದೆ. ನಾನು ಮನಸ್ಸುಗಳನ್ನು ನಕಲು ಮಾಡಿದ್ದೆ, ಉಪ್ಪಿನ ಬಟ್ಟಲನ್ನು ಬಿಟ್ಟಿದ್ದೆ.

ನಾಲ್ಕನೆಯ ಕರಡನ್ನು ಅದಕ್ಕಾಗಿಯೇ ಮಾತಿನಿಂದ ಆರಂಭಿಸಲಿಲ್ಲ. ಮನೆಯ ಮೇಜಿನ ಮೇಲೆ ಆರು ತಟ್ಟೆಗಳನ್ನಿಟ್ಟು, ಆರು ಬಣ್ಣದ ಗುಂಡಿಗಳನ್ನು ಜನರೆಂದು ಇರಿಸಿ, ಒಂದೊಂದು ಕುರ್ಚಿಯಲ್ಲೂ ನಾನೇ ಕುಳಿತು ಅಲ್ಲಿಂದ ಯಾರ ಮುಖ ಕಾಣುತ್ತದೆ, ಯಾರದು ಕಾಣುವುದಿಲ್ಲ, ಯಾವ ಪಾತ್ರೆ ಕೈಗೆಟುಕುತ್ತದೆ, ಯಾವುದನ್ನು ಕೇಳಿಯೇ ಪಡೆಯಬೇಕು ಎಂಬುದನ್ನು ಬರೆದುಕೊಂಡೆ. ಯಾರ ಪಕ್ಕ ಯಾರು ಎಂಬ ತೀರ್ಮಾನವೊಂದಕ್ಕೇ ಮೂರು ವಾರ ಹಿಡಿಯಿತು. ಇದನ್ನು ಕೇಳಿ ನಕ್ಕವರಿಗೆ ನಾನು ‘ಅನ್ನಾ ಕರೆನಿನಾ’ದ ನಾಲ್ಕನೆಯ ಭಾಗವನ್ನು ತೋರಿಸುತ್ತೇನೆ: ಒಬ್ಲಾನ್‌ಸ್ಕಿ ತನ್ನ ಮನೆಯ ಊಟದಲ್ಲಿ ಲೆವಿನ್ನನನ್ನೂ ಕಿಟ್ಟಿಯನ್ನೂ, ಬೇರೆ ಜಾಗವೇ ಉಳಿದಿಲ್ಲವೆಂಬಂತೆ, ಅವರ ಕಡೆಗೆ ನೋಡದೆಯೇ ಅಕ್ಕಪಕ್ಕ ಕೂರಿಸಿಬಿಡುತ್ತಾನೆ. ಒಂದು ಮದುವೆ ಆ ಎರಡು ಕುರ್ಚಿಗಳಿಂದ ಆಗುತ್ತದೆ. ನಾನು ತಮ್ಮನನ್ನು ಸಾಲ ಕೊಟ್ಟವನ ಎದುರಿಗೆ ಕೂರಿಸದೆ ಪಕ್ಕದಲ್ಲಿ ಕೂರಿಸಿದೆ. ಎದುರಿಗಿದ್ದರೆ ಕಣ್ಣು ತಪ್ಪಿಸಬಹುದು, ಪಕ್ಕದಲ್ಲಿದ್ದರೆ ತೋಳು ತಾಗುತ್ತಲೇ ಇರುತ್ತದೆ.

ಬಳಿಕ ಒಂದು ಲೆಕ್ಕದ ಪುಸ್ತಕ ಇಟ್ಟೆ. ಪ್ರತಿ ಹತ್ತು ನಿಮಿಷಕ್ಕೆ ಒಂದು ಸಾಲು. ಮೇಜಿನ ಮೇಲೆ ಏನಿದೆ, ಎದ್ದವರು ಯಾರು, ಎದ್ದಾಗ ಉಳಿದವರು ಏನು ಮಾತಾಡಿಕೊಂಡರು, ಯಾರಿಗೆ ಯಾವ ಸಂಗತಿ ಆ ಕ್ಷಣಕ್ಕೆ ಗೊತ್ತಿದೆ. ‘ಸಾಲ’ ಎಂಬ ಪದ ಕಾದಂಬರಿಯ ಮೂರರಲ್ಲಿ ಎರಡು ಪಾಲು ಮುಗಿಯುವ ತನಕ ಯಾರ ಬಾಯಲ್ಲೂ ಬರಕೂಡದೆಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಸಂಭಾಷಣೆ ಬರೆದದ್ದು ಇದೆಲ್ಲ ಮುಗಿದ ಮೇಲೆ, ಹತ್ತೊಂಬತ್ತು ಅಧ್ಯಾಯಕ್ಕೆ ಸುಮಾರು ಐದು ತಿಂಗಳಲ್ಲಿ.

ಅದರ ಫಲವನ್ನು ಒಂದು ತುಣುಕಿನಲ್ಲಿ ತೋರಿಸುತ್ತೇನೆ. ಅಕ್ಕ ಎರಡನೆಯ ಸಲ ಬಡಿಸುತ್ತ ಬರುತ್ತಾಳೆ. ತಮ್ಮ ತಟ್ಟೆಯನ್ನು ಮುಂದಕ್ಕೆ ಸರಿಸುತ್ತಾನೆ. ಅವನ ಹೆಂಡತಿ ತಲೆ ಎತ್ತದೆ, ‘ಅಕ್ಕಾ, ಅವರಿಗೆ ಸಾಕು’ ಎನ್ನುತ್ತಾಳೆ. ‘ಅವನೇ ಹೇಳಲಿ ಬಿಡಮ್ಮ. ಸಾಕು ಅನ್ನೋ ಅಭ್ಯಾಸ ಅವನಿಗೆ ಇಲ್ಲ’ ಎಂದು ಅಕ್ಕ ನಗುತ್ತಲೇ ಬಡಿಸುತ್ತಾಳೆ. ಸ್ನೇಹಿತ ನೀರಿನ ಲೋಟವನ್ನು ಬಾಯಿಯ ತನಕ ಒಯ್ದವನು ಕುಡಿಯದೆ ಕೆಳಗಿಡುತ್ತಾನೆ. ಅಕ್ಕನಿಗೆ ಎಲ್ಲವೂ ಗೊತ್ತಿದೆಯೆಂಬುದು ಅವನಿಗೆ ತಿಳಿಯುವ ಕ್ಷಣ ಅದು. ಮೊದಲ ಕರಡಿನಲ್ಲಿ ಇದೇ ಕ್ಷಣಕ್ಕೆ ಹನ್ನೊಂದು ಪುಟ ಹಿಡಿದಿತ್ತು, ಒಂದು ತಟ್ಟೆಯೂ ಒಡೆದಿತ್ತು.

ನಡುವೆ ದಾರಿ ಬಿಟ್ಟು ಅಲೆದದ್ದೂ ಉಂಟು. ಗೆಳೆಯರ ಒಪ್ಪಿಗೆ ಪಡೆದು ಅವರ ಒಂದು ಊಟದ ಮಾತನ್ನು ಧ್ವನಿಮುದ್ರಿಸಿ ಬರಹಕ್ಕಿಳಿಸಿದೆ; ಎರಡೂವರೆ ಗಂಟೆಯ ಮಾತಿನಲ್ಲಿ ನಿಜವಾದ ಮುನಿಸು ಕಾಣಿಸಿಕೊಂಡದ್ದು ಮುಕ್ಕಾಲು ನಿಮಿಷ, ಅದೂ ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬ ಬಗ್ಗೆ. ಇಡೀ ಕತೆಯನ್ನು ಬಡಿಸುವ ಕೆಲಸದಾಕೆಯ ಕಣ್ಣಿನಿಂದ ಬರೆದು ನೋಡಿ, ಅವಳು ಅಡುಗೆಮನೆಗೆ ಹೋದಾಗಲೆಲ್ಲ ಕತೆಯೂ ಅವಳ ಹಿಂದೆಯೇ ಎದ್ದುಹೋಗುತ್ತಿದ್ದುದರಿಂದ ಎಪ್ಪತ್ತು ಪುಟಕ್ಕೆ ಕೈಬಿಟ್ಟೆ. ಭಾವನನ್ನು ಎಡಚನನ್ನಾಗಿ ಮಾಡಿದ್ದು ಮಾತ್ರ ಆಟಕ್ಕೆಂದು ಮಾಡಿ ಗೆದ್ದ ಪ್ರಯೋಗ: ಪಕ್ಕದವಳ ಮೊಣಕೈಗೆ ಅವನ ಮೊಣಕೈ ತಾಗಿ ಇಬ್ಬರೂ ಮತ್ತೆ ಮತ್ತೆ ಕ್ಷಮೆ ಕೇಳುತ್ತಾರೆ, ಐದನೆಯ ಸಲಕ್ಕೆ ಆ ಕ್ಷಮೆ ಬೈಗುಳದಂತೆ ಕೇಳಿಸುತ್ತದೆ. ಕೊನೆಯಲ್ಲಿ ಹತ್ತು ವರ್ಷದ ನಂತರದ ಇನ್ನೊಂದು ಊಟವನ್ನು ಸೇರಿಸಿ, ತೆಗೆದುಹಾಕಿದೆ. ಹಲವು ಊಟಗಳ ದಾರಿ ಬೇರೆಯೇ ಆದದ್ದು. ಆ್ಯನ್ ಟೈಲರ್ 1982ರ ‘ಡಿನ್ನರ್ ಅಟ್ ದ ಹೋಮ್‌ಸಿಕ್ ರೆಸ್ಟೋರೆಂಟ್’ನಲ್ಲಿ ಎಜ್ರಾ ಮನೆಯವರನ್ನು ಊಟಕ್ಕೆ ಸೇರಿಸುತ್ತಲೇ ಇರುತ್ತಾನೆ, ಊಟ ಅರ್ಧಕ್ಕೇ ನಿಲ್ಲುತ್ತಲೇ ಇರುತ್ತದೆ. ಅಲ್ಲಿ ಕೆಲಸ ಮಾಡುವುದು ಆ ಮರುಕಳಿಕೆ. ಒಂದೇ ಊಟದ ಕಾದಂಬರಿಗೆ ಎರಡನೆಯದನ್ನು ಅಂಟಿಸಿದರೆ ಅದು ತೇಪೆಯಂತೆಯೇ ಕಾಣುತ್ತದೆ.

ಹದಿನಾರನೆಯ ಅಧ್ಯಾಯದಲ್ಲಿ ಯಾರೂ ಏನೂ ಹೇಳದೆ ಎಲ್ಲರಿಗೂ ಎಲ್ಲವೂ ತಿಳಿದುಹೋಗುವುದನ್ನು ಹೇಗೆ ಮಾಡಿದಿರೆಂದು ಕೇಳುವವರಿದ್ದಾರೆ. ಈಡಿತ್ ವಾರ್ಟನ್ 1920ರ ‘ದಿ ಏಜ್ ಆಫ್ ಇನೋಸೆನ್ಸ್’ನ ಬೀಳ್ಕೊಡುಗೆಯ ಊಟದಲ್ಲಿ, ತನ್ನನ್ನೂ ಎಲೆನ್‌ಳನ್ನೂ ಸುತ್ತಲಿನವರೆಲ್ಲ ಪ್ರೇಮಿಗಳೆಂದೇ ಎಣಿಸಿದ್ದಾರೆಂಬುದು ಆರ್ಚರ್‌ಗೆ ಹೊಳೆಯುವ ಬಗೆಯನ್ನು ಅವರು ಓದಲಿ, ನಾನು ಹೊರಟದ್ದು ಅಲ್ಲಿಂದ. ಅದರ ಮೇಲೆ ನಾನು ಕಟ್ಟಿದ್ದನ್ನು ಮುಂದಿನ ಕಾದಂಬರಿಗೂ ಬಳಸಬೇಕಾಗಿರುವುದರಿಂದ ಸದ್ಯಕ್ಕೆ ನನ್ನಲ್ಲೇ ಇರಲಿ. ಆ ಮುಂದಿನ ಕಾದಂಬರಿಯನ್ನು ಕೇಳಿದವರು ಮುಂಗಡ ವಾಪಸು ಪಡೆದಿದ್ದ ಪ್ರಕಾಶಕರೇ ಎಂಬುದನ್ನು ಹೇಳದೆ ಬಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಇಷ್ಟೆಲ್ಲ ಲೆಕ್ಕವಿಟ್ಟರೂ ಒಂದು ತಪ್ಪು ಉಳಿದಿತ್ತು. ಏಳನೆಯ ಅಧ್ಯಾಯದಲ್ಲಿ ನೀರಿನ ಹೂಜಿ ಅಕ್ಕನ ಬಲಗಡೆಯಿದೆ. ಎರಡು ಪುಟ ಕಳೆಯುವುದರೊಳಗೆ, ಯಾರೂ ದಾಟಿಸದೆ, ಅದು ಮೇಜಿನ ಆ ತುದಿಯ ಸ್ನೇಹಿತನ ಕೈಯಲ್ಲಿರುತ್ತದೆ. ಇದನ್ನು ಕಂಡು ಪತ್ರ ಬರೆದವರು ಒಬ್ಬರೇ ಓದುಗರು. ಮರುಮುದ್ರಣದಲ್ಲಿ ಹೂಜಿಯನ್ನು ತಮ್ಮನ ಕೈಯಿಂದ ದಾಟಿಸಿದ್ದೇನೆ, ಕೊಡುವಾಗ ಅವನು ಸ್ನೇಹಿತನ ಮುಖ ನೋಡುವುದಿಲ್ಲ.