ಗಪ್ಪಿ, ಮೊಲ್ಲಿ, ಪ್ಲಾಟಿ: ಹುಟ್ಟಿದ ಮರಿ ಉಳಿಯಬೇಕಾದರೆ

ಗಪ್ಪಿ, ಮೊಲ್ಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮೀನುಗಳು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತವೆ. ಗಂಡು ಹೆಣ್ಣು ಒಂದೇ ತೊಟ್ಟಿಯಲ್ಲಿದ್ದರೆ ಮರಿ ಆಗಿಯೇ ಆಗುತ್ತವೆ, ಅದಕ್ಕೆ ನಮ್ಮ ಶ್ರಮವೇನೂ ಬೇಕಿಲ್ಲ. ಬೆಳಿಗ್ಗೆ 40 ಮರಿ ಕಂಡ ತೊಟ್ಟಿಯಲ್ಲಿ ವಾರದ ಕೊನೆಗೆ ನಾಲ್ಕೇ ಉಳಿದಿದ್ದರೆ, ಕೆಲವನ್ನು ದೊಡ್ಡ ಮೀನುಗಳು ನುಂಗಿರುತ್ತವೆ, ಉಳಿದವು ಹಸಿವಿನಿಂದಲೋ ಕೆಟ್ಟ ನೀರಿನಿಂದಲೋ ಸತ್ತಿರುತ್ತವೆ. ಈ ಮೂರೂ ತಡೆಯಬಹುದಾದ ಸಾವುಗಳೇ.

ಜೋಡಿ ಆರಿಸುವಾಗ

ಗಂಡನ್ನು ಗುರುತಿಸಲು ಹೊಟ್ಟೆಯ ಹಿಂದಿನ ಈಜುರೆಕ್ಕೆ ನೋಡಿ. ಹೆಣ್ಣಿನಲ್ಲಿ ಅದು ಬೀಸಣಿಗೆಯಂತೆ ಅಗಲ, ಗಂಡಿನಲ್ಲಿ ಕಡ್ಡಿಯಂತೆ ಸಪೂರ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ. ಗಂಡುಗಳು ಹೆಚ್ಚಾದರೆ ಹೆಣ್ಣನ್ನು ದಿನವಿಡೀ ಅಟ್ಟಾಡಿಸುತ್ತವೆ, ಅದು ತಿನ್ನಲಾಗದೆ ಸೊರಗುತ್ತದೆ.

ಹೊಸದಾಗಿ ತಂದ ಹೆಣ್ಣು ಬೇರೆ ಗಂಡಿನ ವೀರ್ಯವನ್ನು ಆಗಲೇ ಹೊತ್ತಿರುವ ಸಾಧ್ಯತೆಯೇ ಹೆಚ್ಚು. ಒಮ್ಮೆ ಕೂಡಿದರೆ ವೀರ್ಯ ತಿಂಗಳುಗಟ್ಟಲೆ ಅದರ ಒಡಲಲ್ಲಿ ಉಳಿಯುತ್ತದೆ, ಗಂಡಿಲ್ಲದೆಯೂ ಒಂದರ ಹಿಂದೆ ಒಂದು ಸೂಲು ಆಗುತ್ತದೆ. ಹಾಗಾಗಿ ನೀವು ಬಿಟ್ಟ ಗಂಡಿನ ಬಣ್ಣ ಮೊದಲ ಸೂಲಿನ ಮರಿಗಳಲ್ಲಿ ಬರಲಿಲ್ಲವೆಂದು ಆಶ್ಚರ್ಯಪಡಬೇಕಿಲ್ಲ. ಒಂದೇ ಬಣ್ಣದ ತಳಿ ಬೇಕೆನ್ನುವವರು ಗಂಡಿನ ಸಂಗವನ್ನೇ ಕಾಣದ ಎಳೆಯ ಹೆಣ್ಣಿನಿಂದ ಆರಂಭಿಸಬೇಕು. ಪ್ಲಾಟಿ ಮತ್ತು ಸ್ವೋರ್ಡ್‌ಟೇಲ್ ಪರಸ್ಪರ ಕೂಡುತ್ತವೆ, ತಳಿ ಬೆರೆಯಬಾರದೆಂದರೆ ಒಂದೇ ತೊಟ್ಟಿಯಲ್ಲಿ ಬಿಡಬೇಡಿ.

ನೀರು ಗಡಸಾಗಿದ್ದರೆ ಈ ಮೀನುಗಳಿಗೆ ಒಳ್ಳೆಯದು. ಪಿಎಚ್ 7ರಿಂದ 8, ಉಷ್ಣತೆ 25–26 ಡಿಗ್ರಿ ಸೆಲ್ಸಿಯಸ್ ಸಾಕು. ಮೆದು ನೀರಿನಲ್ಲಿ ಮೊಲ್ಲಿಗಳು ಇದ್ದಲ್ಲೇ ನಿಂತು ಮೈ ಅಲುಗಿಸತೊಡಗುತ್ತವೆ, ಅದು ನೀರು ಹೊಂದುತ್ತಿಲ್ಲವೆಂಬ ಸೂಚನೆ. ಫಿಲ್ಟರಿನಲ್ಲಿ ಹವಳದ ಪುಡಿಯ ಸಣ್ಣ ಚೀಲ ಇಟ್ಟರೆ ಗಡಸುತನ ನಿಧಾನವಾಗಿ ಏರುತ್ತದೆ.

ಹೆರಿಗೆ ಹತ್ತಿರವಾದಾಗ

ಗರ್ಭ ಸುಮಾರು 4 ವಾರದ್ದು. ನೀರು ತಣ್ಣಗಿದ್ದರೆ ಇನ್ನೂ ಕೆಲವು ದಿನ ತಡವಾಗಬಹುದು. ಹಿಂಭಾಗದ ರೆಕ್ಕೆಯ ಬಳಿ ಹೊಟ್ಟೆಯ ಮೇಲಿನ ಕಪ್ಪು ಕಲೆ ದಿನೇ ದಿನೇ ಅಗಲವಾಗಿ ಗಾಢವಾಗುತ್ತದೆ. ಗುಂಡಗಿದ್ದ ಹೊಟ್ಟೆ ಮುಂಭಾಗದಲ್ಲಿ ಚೌಕಾಕಾರಕ್ಕೆ ತಿರುಗಿ, ಹೆಣ್ಣು ಗುಂಪು ಬಿಟ್ಟು ಮೂಲೆಯಲ್ಲಿ ಒಂಟಿಯಾಗಿ ನಿಂತರೆ ಹೆರಿಗೆ ಒಂದೆರಡು ದಿನದಲ್ಲೇ ಇದೆ. ಮಸುಕು ಬಣ್ಣದ ತಳಿಗಳಲ್ಲಿ ಚರ್ಮದ ಒಳಗೆ ಮರಿಗಳ ಕಣ್ಣುಗಳೂ ಚುಕ್ಕೆಗಳಾಗಿ ಕಾಣುತ್ತವೆ.

ಹೆಣ್ಣನ್ನು ಬೇರೆ ತೊಟ್ಟಿಗೆ ಹಾಕುವುದಿದ್ದರೆ ಅಷ್ಟರವರೆಗೆ ಕಾಯಬೇಡಿ, ವಾರ ಮೊದಲೇ ಹಾಕಿ. ಕೊನೆಯ ದಿನ ಬಲೆ ಹಿಡಿದು ಅಟ್ಟಿದರೆ ಗಾಬರಿಗೆ ಹೊಟ್ಟೆಯಡಿ ಹಳದಿ ಚೀಲ ಇನ್ನೂ ಅಂಟಿಕೊಂಡಿರುವ ಎಳಸು ಮರಿಗಳು ಬರುತ್ತವೆ. ಅವು ತಳಕ್ಕೆ ಬೀಳುತ್ತವೆ, ಬದುಕುವುದು ಕಡಿಮೆ. ಪುಟ್ಟ ಪ್ಲಾಸ್ಟಿಕ್ ಹೆರಿಗೆ ಪೆಟ್ಟಿಗೆಯನ್ನು ಬಳಸದಿರುವುದೇ ಒಳ್ಳೆಯದು. ಅದರೊಳಗೆ ನೀರಿನ ಓಡಾಟವಿಲ್ಲ, ತಾಯಿಗೆ ಸುತ್ತಲು ಜಾಗವಿಲ್ಲ. 20 ಲೀಟರ್ ತೊಟ್ಟಿಯಲ್ಲಿ ಜಾವಾ ಮಾಸ್, ಹಾರ್ನ್‌ವರ್ಟ್ ಒತ್ತೊತ್ತಾಗಿ ತುಂಬಿ ಹೆಣ್ಣನ್ನು ಅದರೊಳಗೆ ಬಿಡಿ. ಅರ್ಧದಷ್ಟು ಜಾಗ ಗಿಡಗಳದ್ದೇ ಇರಲಿ. ಮರಿಗಳು ಹೊರಬಿದ್ದ ಕೂಡಲೇ ಎಲೆಗಳ ಸಂದಿಗೆ ನುಗ್ಗುತ್ತವೆ. ಹೆರಿಗೆ ಹಲವು ಗಂಟೆ ನಡೆಯಬಹುದು. ಹೊಟ್ಟೆ ಬತ್ತಿದ ಮೇಲೆ ತಾಯಿಯನ್ನು ತೆಗೆಯಿರಿ, ಗಂಡುಗಳಿರುವ ತೊಟ್ಟಿಗೆ ಹಾಕುವ ಮೊದಲು ಎರಡು ದಿನ ಬೇರೆ ಕಡೆ ಸುಧಾರಿಸಿಕೊಳ್ಳಲಿ. ಮೊದಲ ಸೂಲಿನ ಎಳೆ ಗಪ್ಪಿ ಹತ್ತು ಹದಿನೈದು ಮರಿ ಹಾಕಿದರೆ, ದೊಡ್ಡ ಹೆಣ್ಣು 50 ದಾಟುವುದೂ ಉಂಟು.

ಮರಿಯ ಊಟ

ಮರಿ ಹುಟ್ಟಿದ ದಿನವೇ ತಿನ್ನುತ್ತದೆ. ಅದರ ಹೊಟ್ಟೆ ಚಿಕ್ಕದು, ಒಮ್ಮೆಲೇ ಹೆಚ್ಚು ಹಾಕಿ ಪ್ರಯೋಜನವಿಲ್ಲ. ಮೊದಲ ಎರಡು ವಾರ ದಿನಕ್ಕೆ 4–5 ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು ಕೊಡಿ. ಮರಿಯ ಹೊಟ್ಟೆ ತುಂಬಿ ತುಸು ಉಬ್ಬಿ ಕಾಣಬೇಕು. ಹೊಟ್ಟೆ ಒಳಕ್ಕೆ ಸೆಳೆದಂತಿದ್ದರೆ ಊಟ ಸಾಲುತ್ತಿಲ್ಲ.

ದೊಡ್ಡ ಮೀನಿಗೆ ಹಾಕುವ ಒಣ ಚಕ್ಕೆ ಆಹಾರವಾದ ಫ್ಲೇಕನ್ನು ಬೆರಳಲ್ಲಿ ತಿಕ್ಕಿ ಹಿಟ್ಟಿನಂತೆ ಮಾಡಿ ಹಾಕಬಹುದು. ಬೇಯಿಸಿದ ಮೊಟ್ಟೆಯ ಹಳದಿಯನ್ನೂ ಹಲವರು ಕೊಡುತ್ತಾರೆ, ಆದರೆ ಉಳಿದ ಹಳದಿ ಗಂಟೆಗಳೊಳಗೆ ನೀರನ್ನು ಕೆಡಿಸುತ್ತದೆ. ಬೇರೇನೂ ಸಿಗದ ದಿನ ಮಾತ್ರ, ಸಾಸಿವೆ ಕಾಳಿನಷ್ಟು ಸಾಕು. ಎಲ್ಲಕ್ಕಿಂತ ಒಳ್ಳೆಯದು ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯ (ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿ) ಮರಿ. ಚಲಿಸುವ ಆಹಾರ ಕಂಡರೆ ಎಂಥ ಮಂಕು ಮರಿಯೂ ಬೆನ್ನಟ್ಟುತ್ತದೆ, ಬೆಳವಣಿಗೆಯ ವ್ಯತ್ಯಾಸ ಹತ್ತೇ ದಿನದಲ್ಲಿ ಗೊತ್ತಾಗುತ್ತದೆ.

ಅದನ್ನು ಒಡೆಸುವುದು ಹೀಗೆ. ಒಂದು ಲೀಟರ್ ನೀರಿಗೆ 25 ಗ್ರಾಂ ಉಪ್ಪು ಕರಗಿಸಿ, ಅರ್ಧ ಟೀ ಚಮಚ ಆರ್ಟೀಮಿಯ ಮೊಟ್ಟೆ ಹಾಕಿ. ತಲೆಕೆಳಗೆ ಮಾಡಿದ ಬಾಟಲಿ ಉತ್ತಮ, ತುದಿಯಲ್ಲಿ ಗಾಳಿ ಕೊಳವೆ ಬಿಟ್ಟರೆ ಮೊಟ್ಟೆಗಳು ತಳ ಹಿಡಿಯದೆ ಸುತ್ತುತ್ತಿರುತ್ತವೆ. ಉಷ್ಣತೆ 27–28 ಡಿಗ್ರಿ ಇರಲಿ, ಮೇಲೊಂದು ದೀಪ ಉರಿಯಲಿ. ಸುಮಾರು 24 ಗಂಟೆಗೆ ಕಿತ್ತಳೆ ಬಣ್ಣದ ಮರಿಗಳು ಒಡೆಯುತ್ತವೆ, ತಣ್ಣಗಿದ್ದರೆ 36 ಗಂಟೆ ಹಿಡಿಯಬಹುದು. ಆಗ ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಕಂದು ಸಿಪ್ಪೆ ಮೇಲೆ ತೇಲುತ್ತದೆ, ಒಡೆಯದ ಮೊಟ್ಟೆ ತಳಕ್ಕಿಳಿಯುತ್ತದೆ. ಕೆಳಭಾಗಕ್ಕೆ ಟಾರ್ಚ್ ಹಿಡಿದರೆ ಮರಿಗಳು ಬೆಳಕಿನತ್ತ ಸೇರುತ್ತವೆ, ಅಲ್ಲಿಂದಲೇ ಸಣ್ಣ ಕೊಳವೆಯಿಂದ ಎಳೆದು ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ಜಾಲಿಸಿ ಹಾಕಿ. ಸಿಪ್ಪೆಯೂ ಜೊತೆಗೆ ಹೋದರೆ ಮೀನುಮರಿಯ ಕರುಳು ಕಟ್ಟಿಕೊಳ್ಳುತ್ತದೆ. ಒಡೆದ ಆರ್ಟೀಮಿಯವನ್ನು ಮರುದಿನಕ್ಕೆ ಇಟ್ಟರೆ ಒಡಲಿನ ಸಾರವನ್ನು ತಾನೇ ಬಳಸಿಕೊಂಡು ಬಡವಾಗುತ್ತದೆ. ಹಾಗಾಗಿ ಎರಡು ಬಾಟಲಿ ಇಟ್ಟು ದಿನಕ್ಕೊಂದರಂತೆ ಸರದಿ ಮಾಡಿಕೊಳ್ಳುವುದು ಅನುಕೂಲ.

ನೀರು

ಐದು ಸಲ ಉಣ್ಣುವ ತೊಟ್ಟಿ ಬಹಳ ಬೇಗ ಹೊಲಸಾಗುತ್ತದೆ. 50 ಮರಿಗೆ ಕನಿಷ್ಠ 40 ಲೀಟರ್ ಬೇಕು. ತಳಕ್ಕೆ ಮರಳು ಬೇಡ, ಬರಿಗಾಜು ಇದ್ದರೆ ಉಳಿದ ಆಹಾರ ಕಣ್ಣಿಗೆ ಬೀಳುತ್ತದೆ. ಸ್ಪಾಂಜ್ ಫಿಲ್ಟರ್ ಮಾತ್ರ ಬಳಸಿ, ಬೇರೆ ಫಿಲ್ಟರ್‌ಗಳು ಮರಿಗಳನ್ನೇ ಎಳೆದುಕೊಳ್ಳುತ್ತವೆ. ಸ್ಪಾಂಜನ್ನು ಹೊಸದಾಗಿ ಹಾಕಿದರೆ ಉಪಯೋಗವಿಲ್ಲ. ಹಳೆಯ ತೊಟ್ಟಿಯಲ್ಲಿ ತಿಂಗಳು ಓಡಿದ ಸ್ಪಾಂಜನ್ನೇ ತನ್ನಿ, ಅಮೋನಿಯ ತಿನ್ನುವ ಬ್ಯಾಕ್ಟೀರಿಯ ಅದರಲ್ಲಿರುತ್ತವೆ. ತೊಳೆಯುವುದಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿ ನೀರಿನ ಕ್ಲೋರಿನ್ ಆ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ.

ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ. ಗಾಳಿ ಕೊಳವೆಯನ್ನೇ ಸೈಫನ್ ಮಾಡಿ ತಳದ ಕಸ ಎಳೆಯಿರಿ, ನೀರು ಬಿಳಿ ಬಕೆಟ್ಟಿಗೆ ಬೀಳಲಿ. ತಪ್ಪಿ ಬಂದ ಮರಿ ಬಿಳಿ ತಳದ ಮೇಲೆ ಕಾಣುತ್ತದೆ, ಲೋಟದಲ್ಲಿ ಎತ್ತಿ ವಾಪಸ್ ಬಿಡಬಹುದು. ಹಾಕುವ ನೀರಿಗೂ ತೊಟ್ಟಿಯ ನೀರಿಗೂ ಉಷ್ಣತೆಯಲ್ಲಿ ಒಂದೆರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಲ್ಲಿ ನೀರಿನ ಕ್ಲೋರಿನ್ ಒಂದು ದಿನ ಗಾಳಿಯಾಡಿದರೆ ಹೋಗುತ್ತದೆ, ಕೆಲವೆಡೆ ಕ್ಲೋರಿನ್ ಬದಲು ಬಳಸುವ ಕ್ಲೋರಮೈನ್ ಹಾಗೆ ಹೋಗುವುದಿಲ್ಲ, ಅದಕ್ಕೆ ಕಂಡಿಷನರ್ (ಅದನ್ನು ನಿಷ್ಕ್ರಿಯಗೊಳಿಸುವ ದ್ರಾವಣ) ಬೇಕು. ಪರೀಕ್ಷಾ ಕಿಟ್‌ನಲ್ಲಿ ಹೊಲಸಿನಿಂದ ಹುಟ್ಟುವ ವಿಷಗಳಾದ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು.

ಬಾಲ ಮಡಿಚಿ ಸೂಜಿಯಂತಾದ ಮರಿ ಕಂಡರೆ ಔಷಧಿ ಹುಡುಕುವ ಮೊದಲು ನೀರು ಪರೀಕ್ಷಿಸಿ, ಹೆಚ್ಚಿನ ಸಲ ಕಾರಣ ಅಲ್ಲೇ ಸಿಗುತ್ತದೆ. ಗಾಜಿನ ಮೇಲೆ ಎಳೆ ಎಳೆ ಕೈಗಳ ಪುಟ್ಟ ಹೈಡ್ರಾ ಕಂಡರೆ ಎಚ್ಚರ. ಗಿಡಗಳ ಜೊತೆ ಬಂದು ಆರ್ಟೀಮಿಯ ತಿಂದು ಹೆಚ್ಚುವ ಅದು ಎಳೆ ಮರಿಗಳನ್ನೂ ಕುಟುಕಿ ಹಿಡಿಯುತ್ತದೆ. ಆಹಾರ ಕಡಿಮೆ ಮಾಡಿ, ಗಾಜು ಉಜ್ಜಿ ತೆಗೆಯಿರಿ.

ಬೇರ್ಪಡಿಸುವುದು

ಮೂರನೆಯ ವಾರದಿಂದ ಗಪ್ಪಿ ಮರಿಗಳನ್ನು ದಿನಕ್ಕೊಮ್ಮೆ ಗಮನಿಸಿ. ಹೆಣ್ಣಿನಲ್ಲಿ ಹೊಟ್ಟೆಯ ಕಲೆ ಮೂಡುತ್ತದೆ, ಗಂಡಿನ ಹಿಂರೆಕ್ಕೆ ಚೂಪಾಗತೊಡಗುತ್ತದೆ. ಐದನೆಯ ವಾರದ ಒಳಗೆ ಗಂಡು ಹೆಣ್ಣು ಬೇರೆ ಆಗಿರಬೇಕು, ತಡ ಮಾಡಿದರೆ ಎಳೆಯ ಹೆಣ್ಣುಗಳು ಒಡಹುಟ್ಟಿದವುಗಳಿಂದಲೇ ಬಸಿರಾಗುತ್ತವೆ. ಪ್ಲಾಟಿ, ಸ್ವೋರ್ಡ್‌ಟೇಲ್ ತಡವಾಗಿ ಗುರುತು ತೋರಿಸುತ್ತವೆ. ಸ್ವೋರ್ಡ್‌ಟೇಲ್‌ನ ಕೆಲವು ಗಂಡುಗಳಿಗೆ ಬಾಲದ ಕೆಳಗಿನ ಉದ್ದ ಕತ್ತಿ ಬರುವುದು ತಿಂಗಳುಗಳ ಮೇಲೆ, ಅಲ್ಲಿಯವರೆಗೆ ಹೆಣ್ಣೆಂದು ಭಾವಿಸಿ ಇಟ್ಟವರಿಗೆ ಆಮೇಲೆ ತಿಳಿಯುತ್ತದೆ.

ಬೆನ್ನು ಬಾಗಿದವು ಮತ್ತು ತೀರಾ ಕುಂಠಿತವಾದವನ್ನು ತಳಿಗೆ ಬಳಸಬೇಡಿ. ಹೆಚ್ಚಾದ ಮರಿಗಳನ್ನು ಯಾವ ಕೆರೆ ಹೊಳೆಗೂ ಬಿಡಬಾರದು. ಗಪ್ಪಿ ಹಲವು ದೇಶಗಳ ನೀರಿನಲ್ಲಿ ಹೀಗೆಯೇ ನೆಲೆಯೂರಿ ಸ್ಥಳೀಯ ಮೀನುಗಳಿಗೆ ತೊಂದರೆ ಕೊಟ್ಟಿದೆ. ತೊಟ್ಟಿಗೆ ಇಷ್ಟೇ ಸಾಕೆನಿಸಿದರೆ ಗಂಡುಗಳನ್ನು ಮಾತ್ರ ಇಟ್ಟುಕೊಳ್ಳಿ. ಹೆಣ್ಣುಗಳನ್ನು ಮಾತ್ರ ಇಟ್ಟರೆ ಒಳಗಿನ ವೀರ್ಯ ಮುಗಿಯುವ ತನಕ ಮರಿ ಬರುತ್ತಲೇ ಇರುತ್ತವೆ.